ಒತ್ತಿದ ಕವರ್ ಎಲ್ಲಿಗೆ ಹೋಯಿತು?

ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಪರಿಸರ ಅಧ್ಯಯನ ಕಲಿಸುತ್ತೇನೆ. ಹೋದ ವರ್ಷ ಮಕ್ಕಳ ಜೊತೆ ಸೇರಿ ಎಂಟು ಪುಟಗಳ ಎಆರ್ (ಆಗ್ಮೆಂಟೆಡ್ ರಿಯಾಲಿಟಿ) ಚಿತ್ರಪುಸ್ತಕ ಮಾಡಿದೆ. ಪುಟದ ಮೇಲೆ ಮೊಬೈಲ್ ಕ್ಯಾಮೆರಾ ಹಿಡಿದರೆ ಚಿತ್ರದ ಹಕ್ಕಿ, ನೀರು ಎಲ್ಲ ಪರದೆಯ ಮೇಲೆ ಎದ್ದು ಚಲಿಸುತ್ತವೆ. ಹಿಮಕರಡಿಯನ್ನು ತೋರಿಸುವ ಪುಸ್ತಕಗಳು ಎಷ್ಟೋ ಇವೆ. ಇದರಲ್ಲಿ ನಮ್ಮ ನಾಲೆ, ನಮ್ಮ ಹುಣಸೆಮರ, ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯೇ (ಪೆಲಿಕನ್ ಹಕ್ಕಿ) ಇರಬೇಕೆಂದು ಹಟ ಹಿಡಿದೆ.

ಚಿತ್ರ ಬಿಡಿಸಿದವರು ಮಕ್ಕಳೇ. ಮೊದಲ ಪ್ರತಿ ಅರ್ಧಕ್ಕರ್ಧ ಕೈಕೊಟ್ಟಿತು. ಕ್ಯಾಮೆರಾ ಒಂದು ಚಿತ್ರವನ್ನು ಗುರುತು ಹಿಡಿಯುವುದು ಅದರ ಮೂಲೆ, ಅಂಚು, ಗಾಢ-ತಿಳಿ ಬಣ್ಣಗಳ ವ್ಯತ್ಯಾಸದಿಂದ. ಬರೀ ನೀಲಿ ಬಳಿದ ಕೆರೆಯಲ್ಲಿ ಅದಕ್ಕೆ ಗುರುತೇ ಸಿಗಲಿಲ್ಲ. ಒಂದೇ ಅಳತೆಯ ಎಲೆಗಳನ್ನು ಸಾಲಾಗಿ ಬರೆದ ಮರವೂ ಅಷ್ಟೆ. ಮಕ್ಕಳನ್ನು ಶಾಲೆಯ ಹಿಂದಿನ ಹುಣಸೆಮರದ ಬುಡದಲ್ಲಿ ಕೂರಿಸಿದೆ. ತೊಗಟೆಯ ಬಿರುಕು, ಕೊಂಬೆಯ ಗಂಟು, ಗೂಡಿನ ಅಡ್ಡಾದಿಡ್ಡಿ ಕಡ್ಡಿ ಎಲ್ಲವನ್ನೂ ನೋಡಿ ನೋಡಿ ಮತ್ತೆ ಬರೆದರು. ಈ ಸಲ ಕ್ಯಾಮೆರಾ ತಕ್ಷಣ ಹಿಡಿಯಿತು. ಆ ಬೆಳಗಿನಷ್ಟು ಒಳ್ಳೆಯ ಪಾಠವನ್ನು ನಾನು ಬೇರೆ ಮಾಡಿಲ್ಲ. ಅಂದಹಾಗೆ, ಪುಟಗಳಿಗೆ ಹೊಳಪಿನ ಲ್ಯಾಮಿನೇಷನ್ ಮಾಡಿಸಬೇಡಿ. ಟ್ಯೂಬ್‌ಲೈಟ್ ಪ್ರತಿಫಲಿಸಿ ಚಿತ್ರವೇ ಕಾಣುವುದಿಲ್ಲ.

ಹೆಜ್ಜಾರ್ಲೆಯ ಪುಟ ಎಲ್ಲರಿಗೂ ಅಚ್ಚುಮೆಚ್ಚು. ಮರಿ ತಾಯಿಯ ಗಂಟಲ ಚೀಲದೊಳಗೆ ತಲೆ ತೂರಿಸಿ ಮೀನು ತಿನ್ನುವುದನ್ನು ಅದರಲ್ಲಿ ತೋರಿಸಿದ್ದೆ. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದಾಗ ಮಕ್ಕಳು ಮೊಬೈಲ್ ಕೇಳಲೇ ಇಲ್ಲ. ಕತ್ತೆತ್ತಿ ಅದೇ ಚೀಲವನ್ನು ಹುಡುಕುತ್ತಿದ್ದರು.

ನಾನು ನಿಜವಾಗಿ ತಪ್ಪಿದ್ದು ನಾಲೆಯ ಪುಟದಲ್ಲಿ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕವರನ್ನು ಬೆರಳಿನಿಂದ ಒತ್ತಿದರೆ ಅದು ಮಾಯವಾಗಿ ಚಪ್ಪಾಳೆ ಕೇಳಿಸುವಂತೆ ಮಾಡಿದ್ದೆ. ಎಲ್ಲರೂ ಒತ್ತಿದರು, ನಾಲೆ ಫಳಫಳ ಹೊಳೆಯಿತು. ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಒತ್ತಿದ ಕವರ್ ಎಲ್ಲಿಗೆ ಹೋಯಿತು?"

ನನ್ನಲ್ಲಿ ಉತ್ತರವಿರಲಿಲ್ಲ. ಕಸ ತಾನಾಗಿಯೇ ಕರಗಿಹೋಗುತ್ತದೆ ಎಂದು ನಾನೇ ಕಲಿಸಿಬಿಟ್ಟಿದ್ದೆ. ಅಂದು ರಾತ್ರಿಯೇ ಚಪ್ಪಾಳೆ ತೆಗೆದೆ. ಈಗ ಕವರ್ ಎಷ್ಟು ಒತ್ತಿದರೂ ಹೋಗುವುದಿಲ್ಲ; ನೀರಿನ ಜೊತೆ ಸಾಗಿ ತೂಬಿಗೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಬಂದದ್ದೆಲ್ಲ ಅದರ ಮೇಲೆ ಗುಡ್ಡೆ ಬೀಳುತ್ತದೆ, ಆಚೆಯ ಗದ್ದೆ ಒಣಗುತ್ತದೆ. "ಇದು ನಮ್ಮ ಗದ್ದೆಯ ತೂಬು" ಎಂದ ಒಬ್ಬ ಹುಡುಗ.

ನಾಲೆಯಲ್ಲಿ ನೀರು ನಿಂತ ಮೇಲೆ ದೊಡ್ಡವರನ್ನೂ ಕರೆದುಕೊಂಡು ಹೋಗಿ ಆ ತೂಬಿಗೆ ಸಿಕ್ಕಿದ್ದ ಕಸ ಬಿಡಿಸಿದೆವು. ಹಾಲಿನ ಕವರ್, ಶಾಂಪೂ ಪೊಟ್ಟಣ, ಗೊಬ್ಬರದ ಚೀಲದ ಚೂರು ಸೇರಿ ಎರಡು ಮೂಟೆ ಆಯಿತು. ಪಂಚಾಯಿತಿಯ ಕಸದ ಗಾಡಿಗೆ ಹಾಕುವಾಗ ಅದೇ ಹುಡುಗಿ, "ಇದು ಎಲ್ಲಿಗೆ ಹೋಗುತ್ತದೆ, ಮಿಸ್?" ಎಂದಳು. ಮರುವಾರ ಕಸ ವಿಂಗಡಿಸುವ ಘಟಕಕ್ಕೂ ಹೋಗಿ ಬಂದೆವು. ಒಂಬತ್ತನೇ ಪುಟವನ್ನು ಅವಳೇ ಬರೆಯುತ್ತಿದ್ದಾಳೆ.