ಹೂಳುವ ಮೊದಲು ಒಂದು ಸ್ಯಾಂಪಲ್

ಸದಾಶಿವಗಡದ ಹತ್ತಿರ ನಮ್ಮದೊಂದು ಸಣ್ಣ ಹಂದಿ ಶೆಡ್ ಇದೆ. ಕಳೆದ ಮಳೆಗಾಲದಲ್ಲಿ ಮೂರು ಮರಿಗಳು ತಿನ್ನುವುದು ಬಿಟ್ಟು, ಒಂದರ ಮೇಲೊಂದು ಒರಗಿ ಮಲಗಿದವು. ಜ್ವರ 106 ಡಿಗ್ರಿ. ಎರಡು ದಿನ ಕಳೆಯುವಷ್ಟರಲ್ಲಿ ಕಿವಿ, ಹೊಟ್ಟೆ ನೀಲಿಯಾಗಿ ಒಂದು ಸತ್ತೇ ಹೋಯಿತು. 2022ರಲ್ಲಿ ವಯನಾಡಿನಲ್ಲಿ ಆಫ್ರಿಕನ್ ಹಂದಿ ಜ್ವರ ಬಂದು ನೂರಾರು ಹಂದಿಗಳನ್ನು ಕೊಲ್ಲಬೇಕಾದದ್ದು ನೆನಪಾಯಿತು. ಕೈಕಾಲು ತಣ್ಣಗಾದವು.

ಬೇಗ ಹೂತುಬಿಡೋಣ ಎಂದು ಗುಂಡಿ ತೋಡಿದ್ದೆ. ಪಶು ವೈದ್ಯರು ತಡೆದರು. "ಈಗ ಹೂತರೆ ಯಾವ ಜ್ವರ ಅಂತ ಗೊತ್ತೇ ಆಗಲ್ಲ" ಎಂದರು. ಆಫ್ರಿಕನ್ ಜ್ವರವೂ ನಮ್ಮ ಹಳೆಯ ಹಂದಿ ಜ್ವರವೂ ಕಣ್ಣಿಗೆ ಒಂದೇ ಥರ. ವೈರಸ್‌ಗಳಿಗೆ ಮಾತ್ರ ನಂಟೇ ಇಲ್ಲ. ಮೊದಲನೆಯದು ದೊಡ್ಡ ಡಿಎನ್‌ಎ ವೈರಸ್, ಇನ್ನೊಂದು ಪುಟ್ಟ ಆರ್‌ಎನ್‌ಎ ವೈರಸ್. ಹಳೆಯದಕ್ಕೆ ಲಸಿಕೆ ಇದೆ, ಆಫ್ರಿಕನ್ ಜ್ವರಕ್ಕೆ ನಮ್ಮಲ್ಲಿಲ್ಲ. ಸತ್ತ ಮರಿಯ ಗುಲ್ಮದ ತುಂಡು, ಬದುಕಿದ್ದವುಗಳ ರಕ್ತ ಐಸ್ ಡಬ್ಬದಲ್ಲಿ ಪಿಸಿಆರ್ ಪರೀಕ್ಷೆಗೆ ಹೋಯಿತು.

ಬಂದದ್ದು ಹಳೆಯ ಹಂದಿ ಜ್ವರ. ಆ ಮರಿಗಳಿಗೆ ಲಸಿಕೆ ಹಾಕಿಸುವುದನ್ನು ನಾನೇ ಮುಂದೂಡಿದ್ದೆ. ಆ ನೋವು ಇನ್ನೂ ಇದೆ.

ಆಮೇಲೆ ಡಾಕ್ಟರ್ ಕೇಳಿದ ಪ್ರಶ್ನೆ ನನ್ನನ್ನು ಅಲುಗಾಡಿಸಿತು: "ಈ ವರ್ಷ ಯಾವುದಾದರೂ ಹೆಣ್ಣು ಹಂದಿ ಸತ್ತ ಮರಿ ಹಾಕಿತ್ತಾ?" ಹಾಕಿತ್ತು. ಬೇಸಿಗೆಯಲ್ಲಿ ಎಂಟರಲ್ಲಿ ಮೂರು ಸತ್ತೇ ಹುಟ್ಟಿದ್ದವು, ಒಂದು ನಡುಗುತ್ತಲೇ ಇತ್ತು. ಸೆಕೆ ಜಾಸ್ತಿ ಅಂತ ಸುಮ್ನೆ ಬಿಟ್ಟಿದ್ದೆ. ಹಳೆಯ ಹಂದಿ ಜ್ವರದ ವೈರಸ್‌ನಲ್ಲಿ ಉಗ್ರವಾದ ಬಗೆಗಳು ಎರಡು ಮೂರು ವಾರದಲ್ಲಿ ಕೊಲ್ಲುತ್ತವೆ. ಸೌಮ್ಯ ಬಗೆಯಾದರೆ ತಾಯಿ ತಿನ್ನುತ್ತಾ ಆರಾಮಾಗಿಯೇ ಇರುತ್ತದೆ, ವೈರಸ್ ಗರ್ಭಕ್ಕೆ ಇಳಿಯುತ್ತದೆ. ಬದುಕಿ ಹುಟ್ಟಿದ ಮರಿ ತಿಂಗಳುಗಟ್ಟಲೆ ಶೆಡ್ಡಿನಲ್ಲೆಲ್ಲ ರೋಗ ಹರಡಬಹುದು. ಕಿವಿ ನೀಲಿಯಾದರೆ ನಾವು ಓಡುತ್ತೇವೆ, ಅಲ್ವಾ? ಹೀಗೆ ಮೆಲ್ಲಗೆ ಬರುವುದಕ್ಕೇ ನನಗೆ ಹೆಚ್ಚು ಭಯ. ಆಫ್ರಿಕನ್ ಜ್ವರದಲ್ಲೂ ಜೀನ್ ಬದಲಾಗಿ ಸೌಮ್ಯವಾದ ವೈರಸ್ ಚೀನಾದಲ್ಲಿ ಸಿಕ್ಕಿದ್ದು 2021ರಲ್ಲಿ ವರದಿಯಾಗಿದೆ.

ಈಗ ಹೋಟೆಲಿನ ಮುಸುರೆಯನ್ನು ತಿರುವುತ್ತಾ ಒಂದು ಗಂಟೆ ಕುದಿಸಿಯೇ ಹಾಕುತ್ತೇನೆ. ಸೌದೆ ಖರ್ಚು ಜಾಸ್ತಿ. ಆದರೆ ನಮ್ಮ ಕಡೆ ಹಂದಿ ಮಾಂಸದ ಗೋವಾ ಸಾಸೇಜ್ ತುಂಡು ಮುಸುರೆಯಲ್ಲಿ ಬರುವುದುಂಟು. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ಆಫ್ರಿಕನ್ ಜ್ವರದ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಹೆಣ್ಣು ಹಂದಿಗಳ ಕಿವಿಗೆ ನಂಬರ್ ಹಾಕಿಸಿದ್ದೇನೆ. ಯಾವುದು ಎಷ್ಟು ಮರಿ ಹಾಕಿತು, ಎಷ್ಟು ಸತ್ತು ಹುಟ್ಟಿದವು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಒಂದು ಸತ್ತ ಮರಿ ಕಂಡರೂ ಮೊದಲು ಡಾಕ್ಟರಿಗೆ ಫೋನ್, ಗುಂಡಿ ಆಮೇಲೆ.