ಎಂಜಿನ್ ಬಿಚ್ಚಿ ಕಟ್ಟಿದ ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ ನೋಡಬೇಕಾದದ್ದು

"ಫುಲ್ ಎಂಜಿನ್ ಕೆಲಸ ಮಾಡಿಸೀನಿ ಸರ, ಇನ್ನು ಒಂದು ಲಕ್ಷ ಕಿಲೋಮೀಟರ್ ಬಾನೆಟ್ ಎತ್ತೋ ಹಂಗಿಲ್ಲ" ಎಂಬ ಮಾತನ್ನು ದಾವಣಗೆರೆಯಲ್ಲಿ ಹಳೆಯ ಕಾರು ನೋಡಲು ಹೋದವರು ಒಮ್ಮೆಯಾದರೂ ಕೇಳಿರುತ್ತಾರೆ. ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಅದರಿಂದ ಕೊಳ್ಳುವವನಿಗೆ ತಿಳಿಯುವುದು ಬಹಳ ಕಡಿಮೆ. ಗ್ಯಾರೇಜಿನ ಭಾಷೆಯಲ್ಲಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಇಳಿಸಿ ಅದರಡಿಯ ಗ್ಯಾಸ್ಕೆಟ್ ಬದಲಿಸಿದ್ದೂ ಎಂಜಿನ್ ಕೆಲಸವೇ, ರಿಂಗ್ ಮತ್ತು ಬೇರಿಂಗ್ ಮಾತ್ರ ಹಾಕಿದ್ದೂ ಎಂಜಿನ್ ಕೆಲಸವೇ, ಬ್ಲಾಕನ್ನು (ಸಿಲಿಂಡರುಗಳಿರುವ ಎಂಜಿನ್ನಿನ ಒಡಲು) ಬೋರ್ ಮಾಡಿಸಿ, ಅಂದರೆ ಸಿಲಿಂಡರುಗಳನ್ನು ಕೊರೆದು ಅಗಲಿಸಿ, ದೊಡ್ಡ ಅಳತೆಯ ಪಿಸ್ಟನ್ ಕೂರಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಕಟ್ಟಿದ್ದೂ ಎಂಜಿನ್ ಕೆಲಸವೇ. ಅಪಘಾತಕ್ಕೀಡಾದ ಕಾರಿನಿಂದ ಇಳಿಸಿದ ಬೇರೆ ಎಂಜಿನ್ನನ್ನು ತಂದು ಕೂರಿಸಿ ಇದೇ ಹೆಸರಿನಲ್ಲಿ ಮಾರುವವರೂ ಇದ್ದಾರೆ. ಆದ್ದರಿಂದ ಎಂಜಿನ್ ಯಾತಕ್ಕೆ ಬಿಚ್ಚಿದರು, ಎಷ್ಟು ಬಿಚ್ಚಿದರು, ಯಾರು ಕಟ್ಟಿದರು ಎಂಬ ಮೂರು ಪ್ರಶ್ನೆಗಳಿಂದಲೇ ಮಾತು ಶುರುವಾಗಬೇಕು. ಇವಕ್ಕೆ ಕಾಗದದ ಮೇಲೆ ಉತ್ತರ ಸಿಕ್ಕರೆ ಅಂಥ ಎಂಜಿನ್ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ, ಯಾರೂ ಮುಟ್ಟದ ಎಂಜಿನ್‌ಗಿಂತ ಮೇಲು. ಸಿಗದಿದ್ದರೆ ಆ ಕಾರಿಗೆ ಎಂಜಿನ್ನೇ ಇಲ್ಲವೆಂದು ತಿಳಿದು ಬೆಲೆ ಕಟ್ಟಬೇಕೆಂಬುದು ನನ್ನ ನಿಲುವು.

ನಮ್ಮ ಕಡೆ ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಬಾಗಿಲಿನದು ಆಗಿರುವುದು ಅಪರೂಪ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಲಾರಾ ಆರ್‌ಎಸ್, ಪೋಲೊ ಜಿಟಿ, ಅಬಾರ್ತ್ ಪುಂಟೊ, ಮಿಟ್ಸುಬಿಶಿ ಸೀಡಿಯಾ, ಹಳೆಯ ಹೋಂಡಾ ಸಿಟಿ ವಿಟೆಕ್ ಇವೇ ನಮ್ಮ ಹುಡುಗರ ಸ್ಪೋರ್ಟ್ಸ್ ಕಾರುಗಳು. ಬಿಎಂಡಬ್ಲ್ಯು ಜೆಡ್4, ಪೋರ್ಷೆ ಬಾಕ್ಸ್‌ಟರ್‌ನಂಥವು ಬೇಕೆಂದರೆ ಬೆಂಗಳೂರಿನ ಕಡೆಗೇ ನೋಡಬೇಕು. ಯಾವುದನ್ನು ನೋಡಲು ಹೊರಟರೂ ಆ ಎಂಜಿನ್ನಿನ ಹುಟ್ಟುರೋಗ ಯಾವುದೆಂದು ಮೊದಲೇ ತಿಳಿದಿರಬೇಕು. ಲಾರಾ ಆರ್‌ಎಸ್‌ನಲ್ಲಿರುವ 1.8 ಲೀಟರ್ ಟಿಎಸ್‌ಐ ಕುಟುಂಬದ ಎಂಜಿನ್‌ಗಳು ಎಣ್ಣೆ ಕುಡಿಯುವುದಕ್ಕೂ ಟೈಮಿಂಗ್ ಚೈನನ್ನು ಬಿಗಿಹಿಡಿಯುವ ಟೆನ್ಶನರ್ ಕೈಕೊಡುವುದಕ್ಕೂ ಹೆಸರಾದವು; ಬಿಚ್ಚಿದವನು ಹಳೆಯ ಮಾದರಿಯ ಪಿಸ್ಟನ್ನು, ರಿಂಗುಗಳನ್ನೇ ಮತ್ತೆ ಹಾಕಿದ್ದರೆ ಹೋದ ರೋಗ ಮರಳಿ ಬರುತ್ತದೆ. 2009ರ ಮಾದರಿಗಿಂತ ಹಿಂದಿನ ಬಾಕ್ಸ್‌ಟರ್‌ಗಳಲ್ಲಿ ನಡುವಿನ ಶಾಫ್ಟಿನ ಬೇರಿಂಗ್ ಒಡೆದು ಇಡೀ ಎಂಜಿನ್ ಹಾಳಾಗುವುದುಂಟು. ಅಂಥ ಎಂಜಿನ್ ಪೂರ್ತಿ ಬಿಚ್ಚಿಯೂ ಆ ಬೇರಿಂಗನ್ನು ಬದಲಿಸದೆ ಮುಚ್ಚಿದ್ದಾರೆಂದರೆ ಕೆಲಸ ಮಾಡಿದವನಿಗೆ ಆ ಕಾರಿನ ಪರಿಚಯವೇ ಇರಲಿಲ್ಲವೆಂದು ತಿಳಿಯಬಹುದು.

ಬಿಚ್ಚಿದ ಕಾರಣಗಳಲ್ಲಿ ಮೂರು ಹೆಚ್ಚಾಗಿ ಎದುರಾಗುತ್ತವೆ. ಮೊದಲನೆಯದು ಬಿಸಿಯೇರಿ ನಿಂತದ್ದು. ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿಯಲ್ಲಿ ರೇಡಿಯೇಟರ್ ನೀರು ಸೋರಿ, ಸೂಜಿ ಕೆಂಪಿಗೆ ಹೋದರೂ ಓಡಿಸಿದ ಕಾರಿನಲ್ಲಿ ಹೆಡ್ ಬಾಗಿರುತ್ತದೆ. ಹೆಡ್ ಫೇಸಿಂಗ್, ಅಂದರೆ ಬಾಗಿದ ಮೇಲ್ಮೈಯನ್ನು ಸಮ ಮಾಡಿಸಿದ್ದರೆ ಸಾಲದು, ಬ್ಲಾಕಿನ ಮೇಲ್ಮೈಯನ್ನೂ ಪರೀಕ್ಷಿಸಿ ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪು ಬದಲಿಸಿದ್ದಾರೆಯೇ ಎಂದು ಕೇಳಬೇಕು. ಎರಡನೆಯದು ಎಣ್ಣೆಯಿಲ್ಲದೆ ಬೇರಿಂಗ್ ಸವೆದದ್ದು. ಇಂಥ ಎಂಜಿನ್ನಿನ ಲೋಹದ ಪುಡಿ ಆಯಿಲ್ ಕೂಲರಿನಲ್ಲೂ ಟರ್ಬೊಗೆ ಹೋಗುವ ಪೈಪಿನಲ್ಲೂ ಉಳಿದು ಹೊಸ ಬೇರಿಂಗನ್ನು ಮತ್ತೆ ತಿನ್ನುತ್ತದೆ. ಮೂರನೆಯದು ನೀರು ಕುಡಿದದ್ದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಸುತ್ತ ನೆಲಮಾಳಿಗೆಗಳಲ್ಲಿ ದುಬಾರಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ನೀರು ಎಳೆದ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅದನ್ನು ಸರಿಪಡಿಸಬಹುದು. ಆದರೆ ವೈರಿಂಗು, ಕಂಪ್ಯೂಟರು, ಏರ್‌ಬ್ಯಾಗ್ ಸೆನ್ಸರುಗಳಿಗೆ ಹೊಕ್ಕ ನೀರು ವರ್ಷಗಟ್ಟಲೆ ಕಾಡುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಅಲ್ಲಿ ಕೆಸರಿನ ಗೆರೆ ಕಂಡರೆ ಚೌಕಾಸಿಗೆ ಕೂರದೆ ಎದ್ದು ಬನ್ನಿ.

ಬಿಲ್ಲುಗಳ ವಿಷಯದಲ್ಲಿ ಮುಲಾಜು ಬೇಡ. ಬೇಕಾದದ್ದು ಎರಡು ಬಗೆಯ ಬಿಲ್ಲು: ಬಿಡಿಭಾಗಗಳದ್ದು ಒಂದು, ಲೇತ್ ಕೆಲಸದ್ದು ಇನ್ನೊಂದು. ಬಿಡಿಭಾಗದ ಬಿಲ್ಲಿನಲ್ಲಿ ಪಿಸ್ಟನ್ ಮತ್ತು ಬೇರಿಂಗಿನ ಅಳತೆ ನಮೂದಾಗಿರಬೇಕು. 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಿದ್ದರೆ ಅದೇ ಅಳತೆಗೆ ಬೋರ್ ಮಾಡಿಸಿದ ಲೇತ್ ಬಿಲ್ಲು ಇರಲೇಬೇಕು. ಎರಡೂ ಒಂದಕ್ಕೊಂದು ತಾಳೆಯಾಗದಿದ್ದರೆ ಎಲ್ಲೋ ಎಡವಟ್ಟಾಗಿದೆ. ಲೇತ್ ಅಂಗಡಿಗೆ ನೀವೇ ಹೋಗಿ ಬರುವುದು ಅತ್ಯುತ್ತಮ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಸೀಮೆ ಇದು. ಲಾರಿ, ಟ್ರ್ಯಾಕ್ಟರ್ ಎಂಜಿನ್ನುಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯರು ಇಲ್ಲಿ ಇನ್ನೂ ಇದ್ದಾರೆ, ಕೇಳಿದರೆ ಮುಚ್ಚಿಡುವುದಿಲ್ಲ.

ನನ್ನ ಚಿಕ್ಕಪ್ಪನ ಮಗನಿಗಾಗಿ ಒಂದು ಟರ್ಬೊ ಸೆಡಾನ್ ನೋಡಲು ಹೋಗಿದ್ದಾಗ ಇದು ಚೆನ್ನಾಗಿ ಅರಿವಾಯಿತು. ಬೆಳಗಿನ 7 ಗಂಟೆಗೆ ಬರುತ್ತೇವೆಂದು ಹೇಳಿದ್ದರೂ ನಾವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿತ್ತು, ಅಂದರೆ ಎಂಜಿನ್ನನ್ನು ಮೊದಲೇ ಸ್ಟಾರ್ಟ್ ಮಾಡಿದ್ದರು. ಮಾರುವವರು ಕೊಟ್ಟದ್ದು ಬಿಳಿ ಹಾಳೆಯ ಮೇಲೆ ಬರೆದ ಒಂದೇ ಬಿಲ್ಲು. ಅದರಲ್ಲಿ "ಎಂಜಿನ್ ಫುಲ್" ಎಂದಿತ್ತೇ ಹೊರತು ಯಾವ ಅಳತೆಯೂ ಇರಲಿಲ್ಲ. ಅವರೇ ಹೇಳಿದ ಲೇತ್ ಅಂಗಡಿಗೆ ಹೋದೆವು. ಯಜಮಾನರು ಎಣ್ಣೆಗೈಯನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿಕೊಂಡು, ಉದ್ದನೆಯ ರಿಜಿಸ್ಟರಿನ ಹಾಳೆಗಳನ್ನು ಬೆರಳಿನಿಂದ ಮಗುಚುತ್ತಾ ಹೋಗಿ ಒಂದು ಸಾಲಿನ ಮೇಲೆ ಉಗುರಿಟ್ಟರು: ಹೆಡ್ ಫೇಸಿಂಗ್, ವಾಲ್ವ್ ಸೀಟು 16. "ಬ್ಲಾಕು ನಮ್ಮಲ್ಲಿಗೆ ಬಂದೇ ಇಲ್ರಿ ತಮ್ಮಾ" ಎಂದರು. ಅಂದರೆ ಅಲ್ಲಿ ಆಗಿದ್ದು ಹೆಡ್ ಕೆಲಸ ಮಾತ್ರ; ನಮ್ಮ ವ್ಯಾಪಾರ ಅಲ್ಲಿಗೇ ಮುಗಿಯಿತು.

ಎಲ್ಲ ಬ್ಲಾಕನ್ನೂ ಎಲ್ಲ ಲೇತ್‌ನಲ್ಲೂ ಬೋರ್ ಮಾಡಲಾಗದು ಎಂಬುದನ್ನೂ ಇಲ್ಲಿ ಹೇಳಬೇಕು. ಬೀಡು ಕಬ್ಬಿಣದ ಬ್ಲಾಕಾದರೆ ಊರಿನ ನುರಿತ ಕೈ ಸಾಕು. ಪೋರ್ಷೆಯಂಥ ಕಾರುಗಳ ಅಲ್ಯೂಮಿನಿಯಂ ಬ್ಲಾಕುಗಳಲ್ಲಿ ಸಿಲಿಂಡರಿನ ಗೋಡೆ ಸಿಲಿಕಾನ್ ಬೆರೆತ ವಿಶೇಷ ಬಗೆಯದಾದ್ದರಿಂದ ಮಾಮೂಲಿ ಹೋನಿಂಗ್ (ಗೋಡೆಯನ್ನು ಉಜ್ಜಿ ನಯ ಮಾಡುವ ಕೆಲಸ) ಮಾಡಿದರೆ ಕೆಟ್ಟೇಹೋಗುತ್ತದೆ.

ಕಾರನ್ನು ನೋಡಲು ಹೋಗುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ಮೊದಲ ಸ್ಟಾರ್ಟ್ ನಿಮ್ಮ ಎದುರಿಗೇ ಆಗಬೇಕು. ಒಬ್ಬರು ಒಳಗೆ ಕುಳಿತು ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಸೈಲೆನ್ಸರಿನ ಹತ್ತಿರ ನಿಲ್ಲಲಿ. ಸ್ಟಾರ್ಟ್ ಆದ ಕ್ಷಣ ನೀಲಿ ಹೊಗೆ ಬುಸ್ಸೆಂದು ಬಂದು ನಿಂತುಹೋದರೆ ವಾಲ್ವ್ ಸೀಲುಗಳ ಮೇಲೆ ಅನುಮಾನ ಪಡಬೇಕು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿಯಾಗಿ ಬಂದರೆ ರಿಂಗುಗಳ ಮೇಲೆ, ಟರ್ಬೊ ಇದ್ದರೆ ಅದರ ಸೀಲಿನ ಮೇಲೂ. ಬೆಳಗಿನ ತಂಪಿನಲ್ಲಿ ಸ್ವಲ್ಪ ಆವಿ ಸಹಜ, ಆದರೆ ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಸಿಹಿ ವಾಸನೆಯೊಂದಿಗೆ ಬರುತ್ತಿದ್ದರೆ ಕೂಲೆಂಟ್ ಒಳಗೆ ಉರಿಯುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿ, ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವ ಹೊಗೆ ದಮ್ಮು ಕಟ್ಟಿ ಬರುತ್ತದೆಯೇ ನೋಡಿ. ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ಅದು ಬಂದರೆ ರಿಂಗು ಕೂತಿಲ್ಲ ಅಥವಾ ಬೋರ್ ಸರಿಯಾಗಿಲ್ಲ. ಆಯಿಲ್ ಚೇಂಬರಿನ ಅಂಚಿನಿಂದ ಗ್ಯಾಸ್ಕೆಟ್ ಅಂಟು ಧಾರಾಳವಾಗಿ ಹೊರಗೆ ಉಬ್ಬಿಕೊಂಡಿದ್ದರೆ ಅಷ್ಟೇ ಅಂಟು ಒಳಗೂ ಉಬ್ಬಿದೆ ಎಂದರ್ಥ. ಅದರ ಚೂರು ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಮಾಡಿಸಿದ ಕೆಲಸವೆಲ್ಲ ನೀರುಪಾಲು.

ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಗೆ ಒಪ್ಪದ ಮಾರಾಟಗಾರರ ಬಳಿ ಮಾತು ಮುಂದುವರಿಸಬೇಡಿ. ಪರೀಕ್ಷೆಯ ಹೊತ್ತಿಗೆ ಎಂಜಿನ್ ಕಾದಿರಬೇಕು, ಎಲ್ಲ ಪ್ಲಗ್ಗುಗಳನ್ನೂ ತೆಗೆದಿರಬೇಕು, ಇಂಧನ ಬಂದ್ ಆಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಗಟ್ಟಿಯಿರಬೇಕು. ಪೆಟ್ರೋಲ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ ಆಸುಪಾಸು ಕಾಣಬಹುದು. ಆದರೆ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೇ ಮುಖ್ಯ. ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು: ಒತ್ತಡ ಏರಿದರೆ ದೋಷ ರಿಂಗು ಅಥವಾ ಬೋರ್‌ನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು. ಈ ಕೆಲಸಕ್ಕೆ ನಿಮ್ಮ ಮೆಕ್ಯಾನಿಕ್ಕೇ ಬರಲಿ, ಅವರ ಅರ್ಧ ದಿನದ ಕೂಲಿ ನೀವೇ ಕೊಡಿ.

ರಸ್ತೆಯ ಪರೀಕ್ಷೆಗೆ ಊರೊಳಗಿನ ಒಂದು ಸುತ್ತು ಸಾಲದು. ದಾವಣಗೆರೆಯಿಂದ ಬಾತಿ ದಾಟಿ ಹರಿಹರದವರೆಗೆ ಹೋಗಿಬಂದರೆ ಸಿಗ್ನಲ್ಲು, ಉಬ್ಬು, ಹೆದ್ದಾರಿ ಎಲ್ಲವೂ ಸಿಗುತ್ತವೆ; ಚಿತ್ರದುರ್ಗದವರಿಗೆ 48ನೇ ಹೆದ್ದಾರಿ ಪಕ್ಕದಲ್ಲೇ ಇದೆ. ಎ.ಸಿ. ಹಾಕಿಕೊಂಡು, ಸಾಧ್ಯವಾದರೆ ಮಧ್ಯಾಹ್ನದ ಬಿಸಿಲಿನಲ್ಲೇ, ಮುಕ್ಕಾಲು ಗಂಟೆ ಓಡಿಸಿ. ಹಿಂದಿರುಗಿದ ಮೇಲೆ ಎಂಜಿನ್ ನಿಲ್ಲಿಸದೆ ಹತ್ತು ನಿಮಿಷ ಹಾಗೇ ಬಿಟ್ಟು ತಾಪಮಾನದ ಸೂಜಿಯನ್ನು ಗಮನಿಸಿ. ಕಟ್ಟಿದ ಮೇಲೆ ಇನ್ನೂ 1,000 ಕಿಲೋಮೀಟರ್ ಓಡಿರದ ಎಂಜಿನ್ನನ್ನು ಎಳೆದಾಡಬೇಡಿ, ಅದರ ಹೊಸ ಭಾಗಗಳು ಇನ್ನೂ ಒಂದಕ್ಕೊಂದು ಹೊಂದಿಕೊಳ್ಳುವ ರನ್ನಿಂಗ್-ಇನ್‌ನಲ್ಲಿವೆ. ನಿಜ ಹೇಳಬೇಕೆಂದರೆ ಅಂಥ ಕಾರಿಗಿಂತ, ಕಟ್ಟಿದ ಮೇಲೆ ಐದಾರು ಸಾವಿರ ಕಿಲೋಮೀಟರ್ ಓಡಿ, ನಡುವೆ ಒಮ್ಮೆ ಎಣ್ಣೆ ಬದಲಿಸಿದ ಕಾರೇ ನನಗೆ ಇಷ್ಟ. ಮೊದಲ ಕಂತಿನ ತಾಪತ್ರಯವನ್ನು ಬೇರೆಯವರು ಅನುಭವಿಸಿ ಆಗಿರುತ್ತದೆ.

ಕಾಗದಪತ್ರದಲ್ಲಿ ಎಂಜಿನ್ ನಂಬರೇ ಮುಖ್ಯ. ಆರ್.ಸಿ.ಯಲ್ಲಿರುವ ನಂಬರನ್ನೂ ಬ್ಲಾಕಿನ ಮೇಲೆ ಕೊರೆದ ನಂಬರನ್ನೂ ಟಾರ್ಚ್ ಹಿಡಿದು ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಬ್ಲಾಕ್ ಬದಲಾಗಿದ್ದರೆ ಅದು ಆರ್‌ಟಿಒ ಕಚೇರಿಯಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ವಿಮೆಯ ಕ್ಲೇಮಿನಲ್ಲೂ 15 ವರ್ಷದ ನಂತರ ನೋಂದಣಿ ನವೀಕರಿಸುವಾಗಲೂ ಸಿಕ್ಕಿಬೀಳುವವರು ನೀವು. ಕೆಎ-17 (ದಾವಣಗೆರೆ) ಇರಲಿ, ಕೆಎ-16 (ಚಿತ್ರದುರ್ಗ) ಇರಲಿ, ಆಯಾ ಕಚೇರಿಯಿಂದ ಬಿ ಎಕ್ಸ್‌ಟ್ರ್ಯಾಕ್ಟ್ (ವಾಹನದ ನೋಂದಣಿ ದಾಖಲೆಯ ಪ್ರತಿ) ತೆಗೆಸಿದರೆ ಹಳೆಯ ಮಾಲೀಕರು, ಸಾಲದ ವಿವರ ಎಲ್ಲ ಗೊತ್ತಾಗುತ್ತದೆ. ಸಾಲ ತೀರಿದ್ದರೆ ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಹೊರರಾಜ್ಯದ ಕಾರಾದರೆ ಫಾರಂ 28ರ ಎನ್‌ಒಸಿ ಬೇಕು. ದೆಹಲಿಯಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳಿಗಿರುವ ನಿರ್ಬಂಧದಿಂದ ಅಲ್ಲಿನ ಕಾರುಗಳು ಅಗ್ಗವಾಗಿ ಕಾಣುತ್ತವೆ, ಆದರೆ ಕರ್ನಾಟಕದ ಆಜೀವ ತೆರಿಗೆಯನ್ನು ಕೂಡಿಸಿ ನೋಡಿದ ಮೇಲೆ ಮಾತನಾಡಿ. ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ.

ಕಾರು ಮನೆಗೆ ಬಂದ ಮೇಲೆ ಮೊದಲ ವಾರದಲ್ಲೇ ಎಣ್ಣೆ ಮತ್ತು ಫಿಲ್ಟರ್ ಬದಲಿಸಿ. ತೆಗೆದ ಫಿಲ್ಟರನ್ನು ಎಸೆಯದೆ ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಿಗೆ ಹಿಡಿಯಿರಿ. ಹೊಸದಾಗಿ ಕಟ್ಟಿದ ಎಂಜಿನ್ನಿನಲ್ಲಿ ಬೂದು ಬಣ್ಣದ ನುಣುಪಾದ ಪುಡಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ. ಬರಿಗಣ್ಣಿಗೆ ಕಾಣುವ ಚಕ್ಕೆಗಳು, ಅದರಲ್ಲೂ ತಾಮ್ರದ ಬಣ್ಣದವು ಕಂಡರೆ ಬೇರಿಂಗ್ ಸವೆಯುತ್ತಿದೆ. ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಒಯ್ಯಿರಿ.