ಎಂ82: ಎಲ್ಲ ಕಡೆ ಕಂಡ ಗೆರೆ

ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ. ಅದನ್ನು ನಾವು ನಡೆಸುವುದು ಹೊಸಕೋಟೆಯಲ್ಲಿ ಕೂತು. ಫೆಬ್ರವರಿಯ ನಡುರಾತ್ರಿ, ಎಂ82 ಗ್ಯಾಲಕ್ಸಿ ಉತ್ತರದಲ್ಲಿ ಆದಷ್ಟು ಮೇಲೇರಿದಾಗ ಅದರ ನಟ್ಟನಡುವೆ ಸ್ಲಿಟ್ (ಬೆಳಕನ್ನು ಒಳಬಿಡುವ ಕಿರಿದಾದ ಸೀಳು) ಇಟ್ಟೆ.

ಅಲ್ಲಿನ ಯಾವ ನಕ್ಷತ್ರಗಳು ಈಗಷ್ಟೇ ಹುಟ್ಟಿದವು, ಯಾವುವು ಕೊಂಚ ಬಲಿತವು ಎಂಬುದು ನನ್ನ ಪ್ರಶ್ನೆ. ಕಣ್ಣಿಗೆ ಕಾಣುವ ಬೆಳಕನ್ನು ಧೂಳು ನುಂಗಿಬಿಡುತ್ತದೆ, 2.2 ಮೈಕ್ರಾನ್ ತರಂಗಾಂತರದ ಹತ್ತಿರದ ಅತಿಗೆಂಪು ಬೆಳಕು ತೂರಿ ಬರುತ್ತದೆ. ಆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ರೋಹಿತದಲ್ಲಿ ಎರಡು ಗುರುತು ಸಿಗುತ್ತವೆ. 2.166 ಮೈಕ್ರಾನಿನಲ್ಲಿ ಹೈಡ್ರೋಜನ್‌ನ ಬ್ರಾಕೆಟ್ ಗಾಮಾ ಗೆರೆ: ಕೆಲವೇ ದಶಲಕ್ಷ ವರ್ಷ ಬಾಳುವ ಬಿಸಿ ನಕ್ಷತ್ರಗಳು ಸುತ್ತಲಿನ ಅನಿಲವನ್ನು ಬೆಳಗಿಸಿದರೆ ಅದು ಎದ್ದು ಕಾಣುತ್ತದೆ. 2.29ರಿಂದ ಮುಂದೆ ಕಾರ್ಬನ್ ಮಾನಾಕ್ಸೈಡ್‌ನ ತಗ್ಗು: ಸುಮಾರು ಒಂದು ಕೋಟಿ ವರ್ಷಕ್ಕೆ ಬಂದ ಕೆಂಪು ಮಹಾದೈತ್ಯ ನಕ್ಷತ್ರಗಳಿದ್ದರೆ ಅದು ಆಳವಾಗುತ್ತದೆ.

ಮೊದಲ ಸಲ ಡೇಟಾ ಬಿಡಿಸಿದಾಗ ಬ್ರಾಕೆಟ್ ಗಾಮಾ ಸ್ಲಿಟ್‌ನ ಉದ್ದಕ್ಕೂ ಕಂಡಿತು. ಖುಷಿಯಿಂದ ಗೈಡ್ ಮೇಡಂಗೆ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ಹೊಳಪಿಗೆ ಹೋಲಿಸಿದರೆ ಗೆರೆ ಎಲ್ಲಾ ಕಡೆ ಒಂದೇ ಮಟ್ಟಕ್ಕಿಂತ ಕೆಳಗೆ ಇಳಿಯೋದೇ ಇಲ್ವಲ್ಲ? ಸ್ಟ್ಯಾಂಡರ್ಡ್ ತಾರೆದು ತೆಗಿ" ಅಂದರು.

ತೆಗೆದೆ. ನಮ್ಮ ವಾತಾವರಣ ಹೀರಿದ್ದನ್ನು ಸರಿಪಡಿಸಲು ಗ್ಯಾಲಕ್ಸಿಯ ರೋಹಿತವನ್ನು ಆಕಾಶದಲ್ಲಿ ಅದರ ಹತ್ತಿರ ಕಾಣುವ ಎ0 ಬಗೆಯ (ಬಿಸಿಯಾದ ಬಿಳಿ) ತಾರೆಯದರಿಂದ ಭಾಗಿಸುತ್ತೇವೆ; ಅದೇ ಸ್ಟ್ಯಾಂಡರ್ಡ್ ತಾರೆ. ಆ ತಾರೆಯಲ್ಲೇ 2.166ರಲ್ಲಿ ಅಗಲವಾದ ಹೈಡ್ರೋಜನ್ ತಗ್ಗಿದೆ. ತಗ್ಗಿನಿಂದ ಭಾಗಿಸಿದರೆ ಉಬ್ಬು ಬರುತ್ತದೆ. ನಾನು ಸಂಭ್ರಮಿಸಿದ್ದರಲ್ಲಿ ಒಂದು ಪಾಲು ಆ ಉಬ್ಬು. ಇನ್ನೊಂದು ಸುಳಿವೂ ಇತ್ತು: ಎಂ82 ನಮ್ಮಿಂದ ಸೆಕೆಂಡಿಗೆ ಸುಮಾರು 200 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿರುವುದರಿಂದ ನಿಜವಾದ ಗೆರೆ 2.1676ರ ಬಳಿ ಬೀಳಬೇಕು. ನನ್ನದು ಅಗಲವಾಗಿ ಎಡಕ್ಕೆ, 2.166ರ ಕಡೆಗೆ ಚಾಚಿತ್ತು.

ತಾರೆಯ ತಗ್ಗಿಗೆ ವಕ್ರರೇಖೆ ಹೊಂದಿಸಿ, ಅದನ್ನು ತುಂಬಿ, ಆಮೇಲೆ ಭಾಗಿಸಿದೆ. ಒಂದು ವಾರ ಹಿಡಿಯಿತು. ಆಕಾಶದ ಬೆಳಕು ಕಳೆಯುವಾಗಲೂ ಎಚ್ಚರ ಬೇಕು: ಎಂ82 ಆಕಾಶದಲ್ಲಿ 11 ಆರ್ಕ್‌ಮಿನಿಟ್ ಉದ್ದ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್), ಸ್ಲಿಟ್‌ನ ಒಳಗೇ ಗ್ಯಾಲಕ್ಸಿಯನ್ನು ಸರಿಸಿದರೆ ಗ್ಯಾಲಕ್ಸಿಯಿಂದ ಗ್ಯಾಲಕ್ಸಿಯನ್ನೇ ಕಳೆದಂತಾಗುತ್ತದೆ. ಪೂರ್ತಿ ಹೊರಗೆ ಹೋಗಲೇಬೇಕು.

ಹೊಸ ರೋಹಿತದಲ್ಲಿ ನಟ್ಟನಡುವೆ ಕಾರ್ಬನ್ ಮಾನಾಕ್ಸೈಡ್ ತಗ್ಗು ಆಳವಾಗಿತ್ತು, ಬ್ರಾಕೆಟ್ ಗಾಮಾ ಸಣ್ಣದಾಗಿ ಉಳಿದಿತ್ತು. ಪಶ್ಚಿಮಕ್ಕೆ ಕೆಲವು ಆರ್ಕ್‌ಸೆಕೆಂಡ್ ಹೋದರೆ ಗೆರೆ ಏರುತ್ತದೆ. 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ 58 ಜ್ಯೋತಿರ್ವರ್ಷ. ಎಳೆಯ ನಕ್ಷತ್ರಗಳ ಗುಂಪು ನಡುವಿನಲ್ಲಿಲ್ಲ, ಅದರ ಪಕ್ಕದಲ್ಲಿದೆ.